ಮೌಸಿಯ ಮೂಗು

ಅವರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನ ಚೂರಿನ ಹಾಗಿತ್ತು. ದಪ್ಪ, ಕಪ್ಪು, ತುದಿಯಲ್ಲಿ ತುಸು ಬಾಗಿದ್ದು. ಉಳಿದ ಒಂಬತ್ತು ಉಗುರುಗಳನ್ನು ಪ್ರತಿ ಭಾನುವಾರ ತೆಗೆಯುತ್ತಿದ್ದರು. ಇದೊಂದನ್ನು ಮಾತ್ರ ಬೆಳೆಯಲು ಬಿಟ್ಟಿದ್ದರು. ಒಡೆದ ಬಕೆಟ್ಟಿನ ಚೂರೊಂದನ್ನು ಎತ್ತಿಕೊಂಡು ಆ ಉಗುರಿನಿಂದ ಒಮ್ಮೆ ಗೀರುವುದು. ಗೀರು ಬಿದ್ದರೆ ಎಡಗಡೆಯ ಚೀಲಕ್ಕೆ. ಬೀಳದಿದ್ದರೆ ಎದುರಿಗಿದ್ದ ಮೇಣದಬತ್ತಿಗೆ ಅದರ ಅಂಚು ಹಿಡಿದು, ಹತ್ತಿದ ಉರಿಯ ಬಣ್ಣ ನೋಡಿ, ಉಫ್ ಎಂದು ಆರಿಸಿ, ಏಳುವ ಹೊಗೆಯನ್ನು ಮೂಗಿನ ಹತ್ತಿರ ತಂದು ಸಣ್ಣಗೆ ಎಳೆದುಕೊಳ್ಳುವುದು. ಆಮೇಲೆ ಯಾವ ಅನುಮಾನವೂ ಇಲ್ಲದೆ ಚೂರು ಬಲಗಡೆಯ ಚೀಲಕ್ಕೋ ಹಿಂದಿನ ರಾಶಿಗೋ ಹೋಗಿ ಬೀಳುತ್ತಿತ್ತು. ನಾನು ಇದನ್ನು ಬರೆಯಲು ತೆಗೆದುಕೊಂಡಷ್ಟು ಹೊತ್ತೂ ಅವರಿಗೆ ಬೇಕಾಗುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮೌಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಮಾಲೀಕರೂ ಹಾಗೇ ಕರೆಯುತ್ತಿದ್ದರು. ನಾನೂ ಅದನ್ನೇ ರೂಢಿ ಮಾಡಿಕೊಂಡೆ.

ನನ್ನ ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಮದುವೆಯಾದ ಹೊಸದರಲ್ಲಿ ತುಮಕೂರಿನಿಂದ ಬಂದು ದಿಲ್ಲಿಯ ಕರೋಲ್ ಬಾಗಿನ ಒಂದು ಕೋಣೆಯಲ್ಲಿದ್ದೆವು. ಮಗಳು ಹುಟ್ಟಿದ ಮೇಲೆ ಜಾಗ ಸಾಲದೆ ಘಾಜಿಯಾಬಾದಿನ ಫ್ಲ್ಯಾಟಿಗೆ ಬಂದೆವು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮನೆಯಲ್ಲಿ ಕುಳಿತವಳಿಗೆ ಅಲ್ಲಿಯೇ, ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು. ಬಿಸಿ ಮಾಡಿದರೆ ಪ್ಲಾಸ್ಟಿಕ್ಕಿನಂತೆ ಕರಗಿ, ತಣ್ಣಗಾದರೆ ರಬ್ಬರಿನಂತೆ ಬಳುಕುವ ಒಂದು ವಸ್ತು ಅಲ್ಲಿ ತಯಾರಾಗುತ್ತಿತ್ತು. ರಬ್ಬರು, ಪ್ಲಾಸ್ಟಿಕ್, ಎಣ್ಣೆ, ಸುಣ್ಣದ ಪುಡಿ ಎಲ್ಲವನ್ನೂ ಯಂತ್ರದಲ್ಲಿ ಕಲಸಿ, ಕರಗಿಸಿ, ಜೋಳದ ಕಾಳಿನಷ್ಟು ಹರಳು, ಅಲ್ಲಿನವರ ಮಾತಿನಲ್ಲಿ ದಾನಾ, ಮಾಡಿ ಮಾರುತ್ತಿದ್ದರು. ಸೈಕಲ್ಲಿನ ಹಿಡಿಕೆ, ಕಾರಿನ ಮ್ಯಾಟು, ಚಪ್ಪಲಿಯ ಅಡಿ ಮಾಡುವವರು ಅದನ್ನು ಕೊಳ್ಳುತ್ತಿದ್ದರು. ಅದಕ್ಕೆ ಹಾಕುವ ಪ್ಲಾಸ್ಟಿಕ್ಕಿನಲ್ಲಿ ಒಂದು ಪಾಲು ಹೊಸದು, ಒಂದು ಪಾಲು ಹಳೆಯದು. ಮುರಿದ ಕುರ್ಚಿ, ಬಣ್ಣದ ಡಬ್ಬಿ, ಹೋಟೆಲಿನಿಂದ ಊಟ ಪಾರ್ಸಲ್ ಬರುವ ಡಬ್ಬಿ, ಹೀಗೆ ದಿಲ್ಲಿ ಬಿಸಾಡಿದ್ದೆಲ್ಲ ಚೀಲಗಳಲ್ಲಿ ತುಂಬಿ ನಮ್ಮ ಹಿತ್ತಲಿಗೆ ಬರುತ್ತಿತ್ತು. ಆ ರಾಶಿಯಲ್ಲಿ ನಮಗೆ ಬೇಕಾದ ಒಂದು ಜಾತಿಯ ಪ್ಲಾಸ್ಟಿಕ್ಕನ್ನು ಆರಿಸಿ ಬೇರೆ ಮಾಡುವುದು ಮೌಸಿಯ ಕೆಲಸ. ನಾನು ಹೋಗುವ ಹೊತ್ತಿಗೆ ತಗಡಿನ ಚಾವಣಿಯ ಕೆಳಗೆ, ಅದೇ ಮಣೆಯ ಮೇಲೆ ಕುಳಿತು ಅವರು ಇಪ್ಪತ್ತು ವರ್ಷ ದಾಟಿಸಿದ್ದರು.

ಮೊದಲ ವಾರವೇ ನಾನು ಅವರನ್ನು ಪರೀಕ್ಷಿಸಲು ಹೋದೆ. ಓದಿದ ಕೊಬ್ಬು. ಲ್ಯಾಬಿನಿಂದ ಐದು ಬಗೆಯ ಚೂರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಮೌಸಿ ನಕ್ಕರು. ಒಂದೊಂದಾಗಿ ಗೀರಿ, ಸುಟ್ಟು, ಮೂಸಿ ಇಡುತ್ತಾ ಹೋದರು.

"ಇದು ಮೇಣದ ವಾಸನೆ. ಹಾಲಿನ ಚೀಲದ ಜಾತಿ. ಇದರಲ್ಲಿ ಮೇಣದ ಜೊತೆಗೆ ಒಂಚೂರು ಡೀಸೆಲ್, ಇದು ನಮ್ಮದು, ಕುರ್ಚಿಯ ಜಾತಿ. ಇದು ಚೆಂಡುಹೂವು ಕೊಳೆತ ಹಾಗೆ. ಇದು ಸುಟ್ಟ ಕೂದಲು. ಇದನ್ನು ನನ್ನ ಹತ್ತಿರ ತರಬೇಡ ಬೇಟಿ, ಇದು ಪೈಪಿನ ಜಾತಿ, ಮೂಗು ಕೊಯ್ಯುತ್ತೆ."

ಐದೂ ಸರಿ. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನು ಇಸಿದುಕೊಂಡು, ಅದರ ಮುಚ್ಚಳವನ್ನು ಉಗುರಿನಿಂದ ಗೀರಿ, "ಇದೂ ನಮ್ಮದೇ. ಬರೆದು ಮುಗಿದ ಮೇಲೆ ಕೊಡು," ಎಂದರು. ಸುತ್ತ ಕುಳಿತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನಾನು "ಅಯ್ಯೋ" ಎಂದೆ. ಮೌಸಿಗೆ ಆ ಮಾತು ಬಹಳ ಹಿಡಿಸಿತು. ಅಂದಿನಿಂದ ಚೀಲ ಹರಿದರೂ ಅಯ್ಯೋ, ಕರೆಂಟು ಹೋದರೂ ಅಯ್ಯೋ. ಹಿಂದಿ ಮಾತಿನ ನಡುವೆ ನಮ್ಮ ಆ ಒಂದು ಪದ ಕೇಳಿದಾಗಲೆಲ್ಲ ನನಗೆ ಊರಿನ ಯಾರೋ ಹಿತ್ತಲಲ್ಲಿ ಇದ್ದಾರೆ ಅನ್ನಿಸುತ್ತಿತ್ತು.

ಮಧ್ಯಾಹ್ನ ಒಟ್ಟಿಗೆ ಊಟ ಮಾಡುತ್ತಿದ್ದೆವು. ನಾನು ಡಬ್ಬಿ ತೆರೆಯುವ ಮೊದಲೇ ಅವರು ಒಳಗೇನಿದೆ ಎಂದು ಹೇಳಿಬಿಡುತ್ತಿದ್ದರು. "ಇವತ್ತು ಇಂಗಿನ ಬೇಳೆ." "ಇವತ್ತು ಆ ಹುಳಿ ಅನ್ನ, ಕಡಲೆಕಾಯಿ ಹಾಕಿದ್ದು." ಒಂದು ದಿನ, "ಇವತ್ತು ನಿನ್ನ ಗಂಡ ಅಡುಗೆ ಮಾಡಿದ್ದಾನೆ," ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಒಗ್ಗರಣೆ ಸೀದಿದೆ."

ಉತ್ತರ ಪ್ರದೇಶದ ಗೊಂಡಾ ಕಡೆಯ ಹಳ್ಳಿಯವರು ಅವರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಬಂದು, ಕಬಾಡಿಯ, ಅಂದರೆ ಗುಜರಿಯ, ಅಂಗಡಿಯೊಂದರಲ್ಲಿ ಈ ವಿದ್ಯೆ ಕಲಿತರು. ಮಗಳನ್ನು ಹಾಪುಡಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮಗಳು ಬಾ ಬಾ ಎಂದು ಕರೆಯುತ್ತಲೇ ಇದ್ದಳು. "ಅಳಿಯ ಒಳ್ಳೆಯವನೇ," ಎನ್ನುತ್ತಿದ್ದರು ಮೌಸಿ. "ಆದರೆ ಅವನ ಮನೆ ರೊಟ್ಟಿ ಎರಡು ದಿನ ಚೆನ್ನಾಗಿರುತ್ತೆ. ಮೂರನೇ ದಿನ ಗಂಟಲಲ್ಲಿ ಇಳಿಯಲ್ಲ." ಕಾರ್ಖಾನೆಯ ಹಿಂದಿನ ಗಲ್ಲಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು.

ನನಗೆ ಆ ಕಾರ್ಖಾನೆಯಲ್ಲಿ ಹೆಸರು ಬಂದದ್ದು ಅವರಿಂದ. ಸೈಕಲ್ ಹಿಡಿಕೆ ಮಾಡುವವರೊಬ್ಬರು ನಮ್ಮ ದಾನಾ ವಾಪಸು ಕಳಿಸಿದ್ದರು. ಬಲ ಸರಿಯಾಗಿದೆ, ಬಣ್ಣ ಸರಿಯಾಗಿದೆ, ಆದರೆ ಹಿಡಿಕೆ ನಾರುತ್ತದೆ, ಮಕ್ಕಳ ಸೈಕಲ್ಲಿಗೆ ಹಾಕಲಾಗದು ಎಂದಿದ್ದರು. ನಾನು ಎಣ್ಣೆ ಬದಲಿಸಿದೆ, ಶಾಖ ಇಳಿಸಿದೆ, ಏನೇನೋ ಸುಗಂಧ ಬೆರೆಸಿದೆ. ಹಿಡಿಕೆ ಈಗ ಗುಲಾಬಿಯ ಜೊತೆ ಬೆಳ್ಳುಳ್ಳಿ ನಾರತೊಡಗಿತು. ಕೊನೆಗೆ ಸೋತು ಒಂದು ಹಿಡಿಕೆಯನ್ನು ಮೌಸಿಯ ಕೈಯಲ್ಲಿಟ್ಟೆ.

ಅವರು ಅದನ್ನು ಕಣ್ಣುಮುಚ್ಚಿ ಮೂಸಿದರು. "ಇದರಲ್ಲಿ ಹೋಟೆಲಿನ ಗ್ರೇವಿ ಇದೆ," ಎಂದರು. "ಪಾರ್ಸಲ್ ಡಬ್ಬಿಗಳು ಬೇಟಿ. ಎಷ್ಟು ತೊಳೆದರೂ ಹೋಗಲ್ಲ. ಪ್ಲಾಸ್ಟಿಕ್ ತಾನು ಹೊತ್ತಿದ್ದನ್ನ ಮರೆಯಲ್ಲ. ನೀವು ಜಾತಿ ಒಂದೇ ಅಂತ ಕುರ್ಚಿ, ಡಬ್ಬಿ ಎಲ್ಲ ಒಂದೇ ಚೀಲಕ್ಕೆ ಹಾಕಿಸ್ತೀರಿ. ಅದು ಏನು ಹೊತ್ತಿತ್ತು ಅಂತ ಯಾರೂ ಕೇಳಲ್ಲ."

ಪುಸ್ತಕದಲ್ಲಿ ಇದು ಬೇರೆ ಮಾತುಗಳಲ್ಲಿ ಇತ್ತು. ನಾನು ಓದಿಯೂ ಇದ್ದೆ. ಆದರೆ ಹೊಳೆದಿರಲಿಲ್ಲ. ಅವರು ಹೇಳಿದ ಹಾಗೆ ಡಬ್ಬಿಗಳನ್ನು ಬೇರೆ ಮಾಡಿ, ಚೂರು ಮಾಡಿ, ಸೋಡಾ ಹಾಕಿದ ಕುದಿನೀರಿನಲ್ಲಿ ತೊಳೆದು, ನಾಲ್ಕು ದಿನ ಮಹಡಿಯ ಬಿಸಿಲಲ್ಲಿ ಹರಡಿದೆವು. ಬಿಸಿಲು ತಿಂದು ಪೆಳಸಾದ ಕುರ್ಚಿಗಳನ್ನು ಕಡಿಮೆ ಮಾಡಿ ಈ ಡಬ್ಬಿಗಳನ್ನು ಹೆಚ್ಚು ಹಾಕಿದೆವು. ಹಿಡಿಕೆ ಹೊಸದರಷ್ಟೇ ಚೆನ್ನಾಗಿ ಬಂತು. ಕೊಳ್ಳುವವರು ಮೆಚ್ಚಿ ಕಾಗದ ಬರೆದರು. ಕಾಗದದಲ್ಲಿ ನನ್ನ ಹೆಸರಿತ್ತು. ನಾನು ಅದನ್ನು ಮೌಸಿಗೆ ಓದಿ ಹೇಳಿದೆ. "ನಿಮ್ಮ ಹೆಸರು ಬರೆಯಬೇಕಿತ್ತು," ಎಂದೆ. "ಬರೆದಿದ್ದರೂ ನನಗೆ ಓದೋಕೆ ಬರಲ್ಲವಲ್ಲ," ಎಂದು ಮುಂದಿನ ಚೂರು ಎತ್ತಿಕೊಂಡರು.

ಆ ದಿನಗಳಲ್ಲೇ ನಾನು ಮಾಲೀಕರಲ್ಲಿ ಒಂದು ಯಂತ್ರ ಕೇಳಿದ್ದೆ. ಕೈಯಲ್ಲಿ ಹಿಡಿದು ಚೂರಿನ ಮೇಲೆ ಬೆಳಕು ಬಿಟ್ಟರೆ ಯಾವ ಜಾತಿಯ ಪ್ಲಾಸ್ಟಿಕ್ ಎಂದು ತೋರಿಸುವಂಥದ್ದು. ಸುಡುವುದು ಬೇಡ, ಮೂಸುವುದು ಬೇಡ. ಮಾಲೀಕರು ಕೆಟ್ಟವರಲ್ಲ. ನಗುತ್ತಾ, "ನಮ್ಮ ಹತ್ತಿರ ಮೌಸಿಯ ಮೂಗೇ ಇದೆಯಲ್ಲ ಮೇಡಂ, ಯಂತ್ರ ಯಾಕೆ?" ಎಂದರು. ಅದು ಮೆಚ್ಚುಗೆಯ ಮಾತು. ನಾನೂ ಅವರ ಜೊತೆ ನಕ್ಕೆ. ಮತ್ತೆ ಕೇಳಲಿಲ್ಲ. ಇವತ್ತು ಆ ನಗು ನೆನಪಾದರೆ ಎಲ್ಲಿದ್ದರೂ ಎದ್ದು ಹೋಗಿ ಮುಖ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ಮೇ ತಿಂಗಳಲ್ಲಿ ಮೌಸಿ ಆರಿಸಿಕೊಟ್ಟ ಚೀಲದಲ್ಲಿ ಪೈಪಿನ ಜಾತಿಯ ಚೂರುಗಳು ಸೇರಿಹೋದವು. ಯಂತ್ರದ ಶಾಖಕ್ಕೆ ಅದು ಸುಟ್ಟು, ಕಣ್ಣು ಮೂಗು ಉರಿಸುವ ಹೊಗೆ ಎದ್ದಿತು. ಎಲ್ಲರೂ ಹೊರಗೆ ಓಡಿದೆವು. ದಾನಾದ ತುಂಬ ಕಪ್ಪು ಚುಕ್ಕೆ. ಮೌಸಿಯ ಚೀಲದಲ್ಲಿ ತಪ್ಪು ಇರಬಹುದು ಎಂದು ಯಾರಿಗೂ ಅನ್ನಿಸಲಿಲ್ಲ. ಚೂರು ಮಾಡುವ ಯಂತ್ರದಲ್ಲಿ ಹಿಂದಿನ ಸಾರಿಯದ್ದು ಉಳಿದಿರಬೇಕು ಎಂದು ಅದನ್ನೇ ಬಿಚ್ಚಿ ತೊಳೆದರು. ನಾನು ಕೂಡ ಹಾಗೇ ನಂಬಿದೆ.

ಎರಡು ದಿನ ಬಿಟ್ಟು ಊಟಕ್ಕೆ ಕುಳಿತಿದ್ದಾಗ ಅವರ ತಟ್ಟೆಗೆ ನನ್ನ ಡಬ್ಬಿಯಿಂದ ಹುರುಳಿಕಾಯಿ ಪಲ್ಯ ಬಡಿಸಿದೆ. ಅವರು ರೊಟ್ಟಿಯಲ್ಲಿ ಹಿಡಿದು ತಿನ್ನತೊಡಗಿದರು. ನಾನು ನನ್ನ ತುತ್ತನ್ನು ಬಾಯಿಯ ಹತ್ತಿರ ತಂದೆ, ತಕ್ಷಣ ಕೆಳಗಿಟ್ಟೆ. ಆ ಸೆಖೆಗೆ ಪಲ್ಯ ಪೂರ್ತಿ ಹಳಸಿತ್ತು. ತುತ್ತು ಬಾಯಿಯ ಹತ್ತಿರ ಬಂದರೆ ಸಾಕು, ಯಾರ ಮೂಗಿಗಾದರೂ ಹೊಡೆಯುವಂತಿತ್ತು. ಮೌಸಿ ಎರಡನೆಯ ತುತ್ತು ಮುರಿಯುತ್ತಿದ್ದರು.

"ಮೌಸಿ, ಬಿಡಿ. ಕೆಟ್ಟಿದೆ ಅದು."

ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಅತ್ತಿತ್ತ ನೋಡಿದರು. ಯಾರೂ ಹತ್ತಿರ ಇರಲಿಲ್ಲ.

"ಎಷ್ಟು ದಿನವಾಯಿತು?" ಎಂದು ಕೇಳಿದೆ.

"ಚಳಿಗಾಲದಲ್ಲಿ ನೆಗಡಿಯಾಗಿತ್ತಲ್ಲ, ಅದರ ಜೊತೆ ಹೋಯಿತು. ಬರುತ್ತೆ ಅಂತ ಕಾದೆ. ಬರಲಿಲ್ಲ."

"ಡಾಕ್ಟರಿಗೆ ತೋರಿಸೋಣ. ಮಾಲೀಕರಿಗೆ ನಾನು ಹೇಳ್ತೀನಿ."

ಎಂಜಲ ಕೈಯಲ್ಲೇ ಅವರು ನನ್ನ ಮಣಿಕಟ್ಟು ಹಿಡಿದರು. "ಬೇಡ ಬೇಟಿ. ಮೂಗಿಲ್ಲದ ಮುದುಕಿಯನ್ನ ಯಾರು ಇಟ್ಟುಕೊಳ್ತಾರೆ? ಹಾಪುಡಕ್ಕೆ ಹೋಗಿ ಮಗಳ ಮನೆ ಮೂಲೆಯಲ್ಲಿ ಕೂರಲಾ? ಉರಿ ನನಗೆ ಕಾಣುತ್ತೆ, ಉಗುರಿದೆ. ನೀನು ಮಾತ್ರ ಯಾರಿಗೂ ಹೇಳಬೇಡ. ನಿನಗೆ ಕೈಮುಗಿದು ಕೇಳ್ಕೊಳ್ತೀನಿ."

ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೊಂದೇ ಸಲ. ನಾನು ಒಪ್ಪಿದೆ.

ಒಪ್ಪಿದ್ದಷ್ಟೇ ಅಲ್ಲ, ಹೆಮ್ಮೆಯಿಂದ ಒಪ್ಪಿದೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಹೋಗುತ್ತಿದ್ದೆ. ಅವರ ಚೀಲಗಳಿಂದ ಒಂದೊಂದು ಹಿಡಿ ತೆಗೆದು ನೀರಿನಲ್ಲಿ ಹಾಕಿ, ಮುಳುಗಿದ್ದನ್ನು ಎಸೆದು, ಉಳಿದದ್ದನ್ನು ಲ್ಯಾಬಿನಲ್ಲಿ ನೋಡಿ, ತಪ್ಪಿದ್ದರೆ ಆ ಚೀಲವನ್ನು ಸದ್ದಿಲ್ಲದೆ ಅವರ ಮಣೆಯ ಹಿಂದೆ ವಾಪಸು ಇಡುತ್ತಿದ್ದೆ. ಒಬ್ಬ ಮುದುಕಿಯ ಮಾನ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರೂ, "ಒಳ್ಳೇದು ಮಾಡಿದೆ ಬಿಡು," ಎಂದರು.

ಆದರೆ ಮೌಸಿ ಸುಡುವುದನ್ನು ಬಿಡಲಿಲ್ಲ. ಮೂಸುವುದನ್ನೂ ಬಿಡಲಿಲ್ಲ. ಮೂಗಿಗೆ ಏನೂ ತಿಳಿಯದಿದ್ದರೂ, ನೋಡುವವರಿಗೆ ಅನುಮಾನ ಬಾರದಿರಲೆಂದು ಪ್ರತಿ ಚೂರಿನ ಹೊಗೆಯನ್ನೂ ಮುಂಚಿನಂತೆ ಮುಖದ ಹತ್ತಿರ ತಂದು ಎಳೆದುಕೊಳ್ಳುತ್ತಿದ್ದರು. ಮುಂಚಿಗಿಂತ ಜೋರಾಗಿಯೇ ಎಳೆದುಕೊಳ್ಳುತ್ತಿದ್ದರು. ಘಾಟು ಹೊಗೆ ಬಂದರೆ ಮೊದಲೆಲ್ಲ ಮುಖ ಹಿಂದಕ್ಕೆ ಸೆಳೆದುಕೊಳ್ಳುತ್ತಿದ್ದವರಿಗೆ ಈಗ ಹಿಂದೆ ಸರಿಯಬೇಕೆಂಬುದೂ ಗೊತ್ತಾಗುತ್ತಿರಲಿಲ್ಲ. ನಾನು ಲ್ಯಾಬಿನ ಕಿಟಕಿಯಿಂದ ನೋಡುತ್ತಿದ್ದೆ. ದಿನವೂ ನೋಡುತ್ತಿದ್ದೆ.

ಒಮ್ಮೆ ಹೇಳಿದೆ, "ಮೌಸಿ, ಒಂದು ನೀರಿನ ತೊಟ್ಟಿ ಇಡಿಸ್ತೀನಿ. ಅದರಲ್ಲಿ ಹಾಕಿ ಮುಳುಗೋದು ತೇಲೋದು ನೋಡಿ ಆರಿಸಿ. ಸುಡೋದು ಬೇಡ."

"ತೊಟ್ಟಿಗೆ ಹಾಕೋ ಕೆಲಸ ಯಾರು ಬೇಕಾದರೂ ಮಾಡ್ತಾರೆ ಬೇಟಿ," ಎಂದರು. "ಮತ್ತೆ ನಾನು ಯಾಕೆ?"

ಮಾಸ್ಕು ತಂದುಕೊಟ್ಟೆ. ನಾನು ಬಂದಾಗ ಮೂಗಿಗೆ ಏರಿಸುತ್ತಿದ್ದರು, ಹೋದ ಮೇಲೆ ಗಲ್ಲಕ್ಕೆ ಇಳಿಸುತ್ತಿದ್ದರು. ಕೆಮ್ಮು ಶುರುವಾಯಿತು. ದಿಲ್ಲಿಯಲ್ಲಿ ನವೆಂಬರಿನಲ್ಲಿ ಯಾರು ಕೆಮ್ಮುವುದಿಲ್ಲ? ನನ್ನ ಮಗಳೂ ಕೆಮ್ಮುತ್ತಿದ್ದಳು. ಎಲ್ಲರೂ ಗಾಳಿಗೆ ಬೈದೆವು. ಬೇಸಿಗೆ ಬಂದಾಗ ನಮ್ಮೆಲ್ಲರ ಕೆಮ್ಮು ನಿಂತಿತು, ಅವರದು ನಿಲ್ಲಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ಮೂರು ಕಡೆ ಕುಳಿತು ಹತ್ತುತ್ತಿದ್ದರು. ಆಗಲೂ ನಾನು ಶುಂಠಿ ಕಷಾಯ ಮಾಡಿಕೊಂಡು ಹೋದೆನೇ ಹೊರತು ಹೇಳಬೇಕಾದವರಿಗೆ ಹೇಳಲಿಲ್ಲ. ಕೊಟ್ಟ ಮಾತು ನನಗೆ ಅವರ ಉಸಿರಿಗಿಂತ ದೊಡ್ಡದಾಗಿತ್ತು.

ಮುಂದಿನ ಜನವರಿಯ ಒಂದು ಬೆಳಿಗ್ಗೆ ಚೂರು ಮೂಸಲು ಬಗ್ಗಿದವರು ಹಾಗೆಯೇ ಮುಂದಕ್ಕೆ ಬಿದ್ದರು. ಪಕ್ಕದ ಹೆಂಗಸು ಮೇಣದಬತ್ತಿ ಎಳೆದುಕೊಂಡಳು. ನಾನು ಓಡಿಬಂದಾಗ ಅವರ ತುಟಿ ನೀಲಿಯಾಗಿತ್ತು. ಮಾಲೀಕರು ತಮ್ಮ ಕಾರಿನಲ್ಲೇ ಕೂರಿಸಿಕೊಂಡು ದಿಲ್ಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡರು. ಮಾರನೆಯ ದಿನ ಡಾಕ್ಟರು ಎದೆಯ ಚಿತ್ರಗಳನ್ನು ನೋಡಿ, ಏನು ಕೆಲಸ ಎಂದು ವಿಚಾರಿಸಿದರು. ನಾನು ಹೇಳಿದೆ. ಅವರು ಮೌಸಿಯ ಕಡೆ ತಿರುಗಿ, "ವಾಸನೆ ಗೊತ್ತಾಗುತ್ತಾ ಅಮ್ಮಾ?" ಎಂದು ಕೇಳಿದರು.

"ಇಲ್ಲ ಡಾಕ್ಟರ್ ಸಾಬ್."

"ಯಾವಾಗಿನಿಂದ?"

ಮೌಸಿ ನನ್ನ ಕಡೆ ನೋಡಿದರು. "ದೀಪಾವಳಿಯಿಂದ," ಎಂದರು.

ಡಾಕ್ಟರು ನಂಬಲಿಲ್ಲ. ನನ್ನತ್ತ ತಿರುಗಿ, "ಇದು ವರ್ಷಗಟ್ಟಲೆ ಹೊಗೆ ಕುಡಿದ ಎದೆ," ಎಂದರು. "ವಾಸನೆ ಹೋದಾಗಲೇ ಯಾರಾದರೂ ಗಮನಿಸಿ, ಆ ಕೆಲಸ ಬಿಡಿಸಿ ಕರೆತಂದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ. ಈಗ ಔಷಧಿ ಕೊಡಬಹುದು, ಹೋದದ್ದನ್ನು ವಾಪಸು ತರಲಾಗುವುದಿಲ್ಲ." ಯಾರಾದರೂ ಎಂದರು. ಆ ಯಾರಾದರೂ ಅವರ ಎದುರಿಗೇ ಕೈಚೀಲ ಹಿಡಿದು ನಿಂತಿದ್ದಳು.

ಸಂಜೆ ಅವರನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬಿಸಿಲಿಗೆ ಕೂರಿಸಿದೆ. "ಯಾಕೆ ಸುಳ್ಳು ಹೇಳಿದಿರಿ ಮೌಸಿ?"

"ಅವನು ನಿನ್ನ ಮುಖ ನೋಡ್ತಿದ್ದ. ನಿಜ ಹೇಳಿದ್ದರೆ ನಿನಗೆ ಏನಾದರೂ ಅಂತಿದ್ದ."

"ಅನ್ನಲಿ. ಅನ್ನಬೇಕಾದ್ದೇ. ಅವತ್ತೇ ನಾನು ಹೇಳಿದ್ದರೆ…"

"ಯಾಕೆ ಅನ್ನಬೇಕು? ನಾನು ಕೇಳಿದೆ, ನೀನು ಕೊಟ್ಟೆ. ಅಷ್ಟೇ." ಉಸಿರಿಗಾಗಿ ಸ್ವಲ್ಪ ನಿಂತರು. ಆಮೇಲೆ, "ಇಲ್ಲಿ ಏನು ವಾಸನೆ ಬರ್ತಿದೆ ಹೇಳು," ಎಂದರು.

ನಾನು ಸುತ್ತ ನೋಡಿ ಹೇಳಿದೆ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದಾರೆ. ಆಚೆ ಬೆಂಚಿನಲ್ಲಿ ಒಬ್ಬರು ಕಿತ್ತಳೆ ಸುಲಿಯುತ್ತಿದ್ದಾರೆ. ಹೊರಗೆ ಯಾರೋ ಕಡಲೆಕಾಯಿ ಹುರಿಯುತ್ತಿದ್ದಾರೆ. ಮೌಸಿ ಕಣ್ಣುಮುಚ್ಚಿಕೊಂಡು ಒಂದೊಂದಕ್ಕೂ ತಲೆಯಾಡಿಸುತ್ತಾ, ಒಂದೊಂದಕ್ಕೂ ಮೂಗರಳಿಸಿ ಉಸಿರೆಳೆದುಕೊಂಡರು. ಕಿತ್ತಳೆಗೆ ಮುಗುಳ್ನಕ್ಕರು.

ಮಗಳು ಬಂದು ಹಾಪುಡಕ್ಕೆ ಕರೆದುಕೊಂಡು ಹೋದಳು. ಅದೇ ತಿಂಗಳು ಮಾಲೀಕರು ಆ ಯಂತ್ರ ತರಿಸಿದರು. ಡಬ್ಬಿಯಿಂದ ತೆಗೆದು ನನ್ನ ಕೈಗೆ ಕೊಡುವಾಗ ಅವರು ನನ್ನ ಕಣ್ಣು ನೋಡಲಿಲ್ಲ, ನಾನೂ ಅವರ ಕಣ್ಣು ನೋಡಲಿಲ್ಲ. ಇಬ್ಬರಿಗೂ ಆ ಹಳೆಯ ನಗು ನೆನಪಿತ್ತು ಅಂತ ಕಾಣುತ್ತದೆ. ನಾನು ಎರಡು ಭಾನುವಾರ ಹಾಪುಡಕ್ಕೆ ಹೋಗಿಬಂದೆ. ಮೊದಲ ಸಲ ಮೌಸಿ ಗೋಡೆಗೊರಗಿ ಕುಳಿತು, ಹೊಸ ಹಿಡಿಕೆಗಳು ಹೇಗೆ ಬರುತ್ತಿವೆ, ಡಬ್ಬಿಗಳನ್ನು ಬೇರೆಯೇ ತೊಳೆಯುತ್ತೀರಿ ತಾನೇ ಎಂದು ವಿಚಾರಿಸಿದರು. ಎರಡನೆಯ ಸಲ ಕೈ ಹಿಡಿದುಕೊಂಡರಷ್ಟೇ. ಹೋಳಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ ಮಗಳ ಫೋನು ಬಂತು.

ಹದಿಮೂರನೆಯ ದಿನದ ಊಟಕ್ಕೆ ಹೋದೆ. ಅಂಗಳದಲ್ಲಿ ಚಾಪೆ ಹಾಕಿ ಪೂರಿ, ಕುಂಬಳಕಾಯಿ ಪಲ್ಯ ಬಡಿಸುತ್ತಿದ್ದರು. ನನ್ನನ್ನು ನೋಡಿದೊಡನೆ ಮಗಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಬಂದಳು. ನನ್ನಷ್ಟೇ ವಯಸ್ಸಿನವಳು. ಎಲ್ಲರ ಮುಂದೆ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಗಾಬರಿಯಾಗಿ ಹಿಂದೆ ಸರಿದೆ.

"ಅಮ್ಮ ಎಲ್ಲ ಹೇಳಿದಳು ದೀದಿ," ಎಂದಳು. "ಮೂಗು ಹೋದಾಗ ನೀವು ಯಾರಿಗೂ ಹೇಳದೆ ಅವಳ ಕೆಲಸ ಉಳಿಸಿದಿರಂತೆ. ದಿನಾ ಬೇಗ ಬಂದು ಅವಳ ಚೀಲ ನೋಡ್ತಿದ್ದಿರಂತೆ. ನನ್ನ ಅಮ್ಮ ಕೊನೆಯವರೆಗೂ ದುಡಿದು ತಿಂದಳು. ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ಹೊಟ್ಟೆಯ ಮಗಳಾಗಿ ನಾನು ಮಾಡದ್ದನ್ನ ನೀವು ಮಾಡಿದಿರಿ."

ಡಾಕ್ಟರು ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಮೌಸಿ ಅದನ್ನು ಮಾತ್ರ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಇಪ್ಪತ್ತು ತಿಂಗಳು ಮುಚ್ಚಿಟ್ಟಿದ್ದ ಮಾತಿನ ಇನ್ನರ್ಧ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ಹತ್ತಿರದ ನೆಂಟರ ಸಾಲಿನಲ್ಲಿ ಕೂರಿಸಿ, ತಾನೇ ಬಡಿಸಿದಳು. ಪಕ್ಕದಲ್ಲೇ ಕುಳಿತು, ಇನ್ನೊಂದು ಪೂರಿ ಹಾಕಿಸಿಕೊಳ್ಳಿ ದೀದಿ, ಅಮ್ಮನಿಗೆ ಸಮಾಧಾನವಾಗುತ್ತೆ ಎಂದಳು. ನಾನು ಹಾಕಿಸಿಕೊಂಡೆ. ತಟ್ಟೆಯಲ್ಲಿ ಏನೂ ಬಿಡದೆ ಉಂಡು, ಆ ಮಾತು ಹೇಳದೆಯೇ ಎದ್ದು ಬಂದೆ.